ಮನೆಬಳಕೆಗೆ ಮಾತ್ರ

ಫೆಬ್ರವರಿ 6

ಗುಬ್ಬಿ,

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ ಎಂದರೆ ವಿಷಯ ಸಣ್ಣದಲ್ಲ ಎಂದು ತಿಳಿದುಕೋ. ಫೋನಿನಲ್ಲಿ ನನ್ನ ಮಾತು ಅರ್ಧ ಆಗುವಷ್ಟರಲ್ಲಿ ನಿನಗೆ ಯಾವುದೋ ಎಡಿಟಿಂಗ್ ಕೆಲಸ ನೆನಪಾಗುತ್ತದೆ. ಕಾಗದವನ್ನಾದರೆ ನಡುವೆ ಕಟ್ ಮಾಡಲಾಗುವುದಿಲ್ಲ.

ಮೊನ್ನೆ ಬೆಳಿಗ್ಗೆ ಗ್ರಂಥಾಲಯದ ಬೀಗ ತೆಗೆದು ಪೇಪರುಗಳನ್ನು ಮೇಜಿನ ಮೇಲೆ ಹರಡುತ್ತಿದ್ದೆ. ಒಬ್ಬ ಹೆಂಗಸು ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದಳು. ಕರೆದೆ. ಕೈಚೀಲದಿಂದ ಒಂದು ಡಿಸ್ಕ್ ತೆಗೆದು ನನ್ನ ಮುಂದಿಟ್ಟಳು. ನೋಡಿದರೆ ನಮ್ಮೂರಿನ ಕಲ್ಲು ಕೊಯ್ಯುವ ಶೆಡ್‌ಗಳ ಬಗ್ಗೆ ನೀನು ತೆಗೆದ ಸಾಕ್ಷ್ಯಚಿತ್ರ. ಅದರ ಕೊನೆಯಲ್ಲಿ ಮಂಚದ ಮೇಲೆ ಕುಳಿತು ಉಸಿರು ಹಿಡಿದು ಹಿಡಿದು ಮಾತಾಡುತ್ತಾನಲ್ಲ, ಪಾಲಿಶ್ ಕೆಲಸದವನು, ಅವನ ಹೆಂಡತಿ ಇವಳು. ಅವನು ತೀರಿಕೊಂಡದ್ದು ನಿನಗೆ ಗೊತ್ತು. ಡಿಸ್ಕ್ ಕಳಿಸಿದವಳು ನೀನೇ ಅಂತೆ. ಒಳ್ಳೆಯ ಕೆಲಸ ಮಾಡಿದ್ದೀಯ.

"ಇದನ್ನ ಇಲ್ಲಿ ಹಾಕಿ ಎಲ್ರಿಗೂ ತೋರಿಸ್ತೀರಾ ಮೇಡಂ?" ಎಂದಳು.

"ನೀವು ನೋಡಿದ್ರಾ?"

"ಇಲ್ಲ. ನಾನೊಬ್ಬಳೇ ನೋಡಿ ಏನ್ ಮಾಡ್ಲಿ. ಅವ್ರು ಮಾತಾಡಿರೋದು ನನ್ ಹತ್ರ ಅಲ್ಲ, ಶೆಡ್‌ನವ್ರ ಹತ್ರ. ನನಗೆ ಹೇಳೋದನ್ನೆಲ್ಲ ಮನೇಲೇ ಹೇಳಿದ್ರು."

ಡಿಸ್ಕಿನ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ 'ಮನೆಬಳಕೆಗೆ ಮಾತ್ರ' ಎಂದಿತ್ತು. ನಿಯಮದ ಪ್ರಕಾರ ಹೋಗೋಣ ಎಂದು ನಿನ್ನ ವಿತರಣಾ ಕಂಪನಿಗೆ ಫೋನ್ ಮಾಡಿದೆ. ಮನೆಗಾದರೆ ಒಂದು ದಪ್ಪ ಕಾದಂಬರಿಯ ಬೆಲೆಯಂತೆ. ಗ್ರಂಥಾಲಯಕ್ಕೆ ಹೇಳಿದ ಬೆಲೆ ಕೇಳಿ, ಕಿವಿ ಸರಿಯಿದೆಯೇ ಎಂದು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ. ವರ್ಷವಿಡೀ ನಾವು ಪುಸ್ತಕಕ್ಕೂ ಪೇಪರಿಗೂ ಖರ್ಚು ಮಾಡುವುದನ್ನೆಲ್ಲ ಆ ಒಂದು ಡಿಸ್ಕಿಗೆ ಸುರಿಯಬೇಕು. ಡಿಸ್ಕ್ ಅದೇ, ಚಿತ್ರ ಅದೇ. ಇದು ನಿಜವೇ? ನಿಜವಾದರೆ ನೀನು ಅವರಿಗೆ ಒಂದು ಮಾತು ಹೇಳು.

ಅಕ್ಕ

*

ಫೆಬ್ರವರಿ 20

ಅಕ್ಕಾ,

ನಿಜ. ಬೆಲೆ ಹಾಗೇ ಇರುತ್ತದೆ. ಒಂದು ಮನೆಯಲ್ಲಿ ನಾಲ್ಕು ಜನ ನೋಡುತ್ತಾರೆ. ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಊರೆಲ್ಲ ನೋಡುತ್ತದೆ. ಅದಕ್ಕೇ ಗ್ರಂಥಾಲಯಕ್ಕೆ ಬೇರೆ ದರ.

ಬೇಜಾರು ಮಾಡಿಕೊಳ್ಳಬೇಡ, ಆದರೆ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಶಿಕ್ಷಣಕ್ಕೆ ಎಂದರೆ ಸಾಕು, ಎಲ್ಲರೂ ಕೈ ಚಾಚುತ್ತಾರೆ. ಆ ಚಿತ್ರಕ್ಕೆ ನನ್ನ ಆರು ವರ್ಷ ಹೋಗಿದೆ. ಕಲ್ಲಿನ ಪುಡಿ ನುಗ್ಗಿ ಎರಡು ಕ್ಯಾಮೆರಾ ಕೆಟ್ಟವು. ಸೌಂಡ್ ಹಿಡಿಯುವವನಿಗೆ ಇನ್ನೂ ಪೂರ್ತಿ ಸಂಬಳ ಕೊಟ್ಟಿಲ್ಲ. ನಿನ್ನ ಗ್ರಂಥಾಲಯಕ್ಕೆ ರ‍್ಯಾಕ್ ಮಾಡಿಕೊಟ್ಟ ಬಡಗಿಯ ಹತ್ತಿರ, ಜನ ಓದಿ ಉದ್ಧಾರ ಆಗ್ತಾರೆ, ಬಿಟ್ಟಿ ಮಾಡಿಕೊಡಪ್ಪಾ ಎಂದು ಕೇಳಿದ್ದೀಯಾ? ನನ್ನನ್ನು ಮಾತ್ರ ಯಾಕೆ ಕೇಳುತ್ತೀರಿ?

ಬೆಲೆ ಕಂಪನಿಯ ವಿಚಾರ, ಅದು ನನ್ನ ಕೈಯಲ್ಲಿಲ್ಲ. ಆಕೆಗೆ ಹೇಳು, ಯಾರದಾದರೂ ಮನೆಯಲ್ಲಿ ನಾಲ್ಕಾರು ಜನ ಸೇರಿ ನೋಡಲಿ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ.

ಗುಬ್ಬಿ

*

ಮಾರ್ಚ್ 4

ಗುಬ್ಬಿ,

ನನ್ನ ಕಾಗದವನ್ನು ಇನ್ನೊಮ್ಮೆ ಓದು. ಬಿಟ್ಟಿ ಎಂಬ ಮಾತು ಅದರಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸು. ಕಡಿಮೆ ಬೆಲೆಗೆ ಕೊಡಿ ಎಂದರೆ ನಿನಗೆ ಬಿಟ್ಟಿ ಕೊಡಿ ಎಂದು ಕೇಳಿಸುತ್ತದೆ. ಡಾಕ್ಟರಿಗೆ ಕಿವಿ ತೋರಿಸಬೇಕಾದವಳು ನಾನಲ್ಲ.

ಬಡಗಿಗೆ ದುಡ್ಡು ಕೊಟ್ಟೆ, ಸಂತೋಷವಾಗಿಯೇ ಕೊಟ್ಟೆ. ಆದರೆ ಅವನು ಅರಮನೆಗೆ ಮಾಡಿದ ರ‍್ಯಾಕಿನ ದರವನ್ನು ನನಗೆ ಹೇಳಲಿಲ್ಲ. ನಿಮ್ಮ ಬೆಲೆಯನ್ನು ಗಾಜಿನ ಗೋಡೆಯ ವಿಶ್ವವಿದ್ಯಾಲಯಗಳನ್ನು ನೋಡಿ ಕಟ್ಟಿದ್ದಾರೆ. ನಮ್ಮಲ್ಲಿ ಗೋಡೆಗೆ ಸುಣ್ಣ ಹಚ್ಚಿ ಎಷ್ಟು ಕಾಲವಾಯಿತೋ ನನಗೇ ನೆನಪಿಲ್ಲ. ಆ ವಿಶ್ವವಿದ್ಯಾಲಯಗಳಲ್ಲಿ ಕಲ್ಲಿನ ಪುಡಿ ಕುಡಿಯುವವರು ಯಾರಿದ್ದಾರೆ?

ಇನ್ನು ಮನೆಯ ಮಾತು. ಶೆಡ್ಡಿನವರು ಇರುವ ಕೋಣೆಗಳೆಲ್ಲ ಶೆಡ್ ಮಾಲೀಕರವು. ಅದರಲ್ಲಿ ಮುಕ್ಕಾಲು ಪಾಲು ನಮ್ಮ ಗ್ರಂಥಾಲಯ ಸಮಿತಿಯ ಅಧ್ಯಕ್ಷರದ್ದೇ. ಊರಿನ ದೊಡ್ಡ ಶೆಡ್ ಅವರದು, ಗೊತ್ತಲ್ಲ. ಅವರ ಕೋಣೆಯಲ್ಲಿ ಕುಳಿತು, ನೀರು ಹಾಕದೆ ಕಲ್ಲು ಕೊಯ್ಯಿಸುವ ಮಾಲೀಕರ ಬಗ್ಗೆ ಚಿತ್ರ ನೋಡಲು ಯಾರು ಬಾಗಿಲು ತೆಗೆಯುತ್ತಾರೆ? ನಾನೇ ಮೂರು ಮನೆಗೆ ಹೋಗಿ ಕೇಳಿದೆ. ಒಬ್ಬರ ಟಿವಿ ಕೆಟ್ಟಿತ್ತು, ಇನ್ನೊಬ್ಬರ ಅತ್ತೆಗೆ ಹುಷಾರಿರಲಿಲ್ಲ. ಮೂರನೆಯವನು ಮಾತ್ರ ನೆಟ್ಟಗೆ ಹೇಳಿದ: "ಮೇಡಂ, ನನಗೆ ಸಂಸಾರ ಇದೆ."

ಈ ಊರಿನಲ್ಲಿ ಶೆಡ್ ಮಾಲೀಕರ ಸ್ವಂತದ್ದಲ್ಲದ ದೊಡ್ಡ ಕೋಣೆ ಒಂದೇ. ಅದರ ಬೀಗದ ಕೈ ನನ್ನ ಹತ್ತಿರ ಇದೆ.

ಅಕ್ಕ

*

ಏಪ್ರಿಲ್ 11

ಗುಬ್ಬಿ,

ನಿನ್ನಿಂದ ಉತ್ತರವಿಲ್ಲ. ಸಿಟ್ಟು ಬಂದಿರಬಹುದು. ಬರಲಿ, ನಿನ್ನ ಸಿಟ್ಟನ್ನು ನೀನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ.

ಇಲ್ಲಿ ಎಲ್ಲ ಕ್ಷೇಮ. ಮಕ್ಕಳ ವಿಭಾಗಕ್ಕೆ ಹೊಸ ಬೆಂಚು ಬಂದಿದೆ. ಒಂದು ಕಾಲು ಗಿಡ್ಡ. ಯಾರೂ ಓದದ ಒಂದು ವರದಿಯನ್ನು ಅದರ ಕೆಳಗೆ ಇಟ್ಟಿದ್ದೇನೆ, ಕೊನೆಗೂ ಅದು ಉಪಯೋಗಕ್ಕೆ ಬಂತು. ನನ್ನ ಮಂಡಿನೋವು ವಾಸಿ.

ಚಿತ್ರದ ವಿಷಯ ಇನ್ನು ಕಂಪನಿಯವರ ಹತ್ತಿರ ಎತ್ತಬೇಡ. ಬಿಟ್ಟುಬಿಡು. ನಿನ್ನ ಕೆಲಸ ನೋಡಿಕೋ.

ಅಕ್ಕ

*

ಏಪ್ರಿಲ್ 24

ಅಕ್ಕಾ,

ಸಿಟ್ಟಿಲ್ಲ. ಎರಡು ಸಲ ಕಂಪನಿಗೆ ಹೋಗಿ ಬಂದೆ, ಅದಕ್ಕೇ ಬರೆಯಲಿಲ್ಲ. ಒಂದು ಗ್ರಂಥಾಲಯಕ್ಕೆ ಇಳಿಸಿದರೆ ಎಲ್ಲರಿಗೂ ಇಳಿಸಬೇಕಾಗುತ್ತದೆ, ಆಗುವುದಿಲ್ಲ ಎಂದರು. ನೀನೇ ಅರ್ಥ ಮಾಡಿಕೊಂಡು ಬಿಟ್ಟದ್ದು ಒಳ್ಳೆಯದಾಯಿತು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಒಂದು ಸಂತೋಷದ ಸುದ್ದಿ. ಹಡಗು ಒಡೆಯುವ ಕೆಲಸಗಾರರ ಬಗ್ಗೆ ಚಿತ್ರ ಮಾಡಬೇಕೆಂದು ಹೇಳುತ್ತಿದ್ದೆನಲ್ಲ, ಅದಕ್ಕೆ ಕಂಪನಿ ಮುಂಗಡ ಕೊಟ್ಟಿದೆ. ಮಳೆಗಾಲ ಮುಗಿದ ಮೇಲೆ ಶೂಟಿಂಗ್. ಈ ಸಲ ಸೌಂಡಿನವನಿಗೆ ಮೊದಲೇ ಸಂಬಳ ಕೊಟ್ಟುಬಿಡುತ್ತೇನೆ.

ಆ ಬೆಂಚಿಗೆ ಬಡಗಿಯನ್ನು ಕರೆಸು. ಮಕ್ಕಳು ಬಿದ್ದಾರು.

ಗುಬ್ಬಿ

*

ಮೇ 15

ಅಕ್ಕಾ,

ಬೆಂಚಂತೆ, ಮಂಡಿನೋವಂತೆ.

ಕಂಪನಿಯ ವಕೀಲರು ಮಾಹಿತಿಗಾಗಿ ನನಗೊಂದು ನೋಟಿಸಿನ ಪ್ರತಿ ಕಳಿಸಿದ್ದಾರೆ. ಮನೆಬಳಕೆಯ ಡಿಸ್ಕನ್ನು ಸಾರ್ವಜನಿಕವಾಗಿ ತೋರಿಸಿದ ಒಂದು ಊರಿನ ಗ್ರಂಥಾಲಯ. ದಂಡ ಕಟ್ಟಬೇಕು, ಗ್ರಂಥಪಾಲಕಿ ಪತ್ರಿಕೆಯಲ್ಲಿ ಕ್ಷಮೆ ಕೇಳಬೇಕು. ಓದುತ್ತಾ ಓದುತ್ತಾ ನಿನ್ನ ಹೆಸರು ಬಂತು. ತೋರಿಸಿದ್ದು ಮಾರ್ಚ್ ಕೊನೆಯ ಭಾನುವಾರ. ಎಲ್ಲ ಕ್ಷೇಮ ಎಂದು ನೀನು ಬರೆದದ್ದು ಅದಾದ ಮೇಲೆ. ದೂರು ಕೊಟ್ಟವರು ಯಾರು ಗೊತ್ತಾ? ನಿನ್ನ ಸಮಿತಿಯ ಅಧ್ಯಕ್ಷರು. ನೋಟಿಸ್ ತಲುಪಿದ ಮೇಲೆ ನಿನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆಂದು ವಕೀಲರು ಜೊತೆಯ ಕಾಗದದಲ್ಲಿ ಬರೆದಿದ್ದಾರೆ. ನನ್ನ ಅಕ್ಕನ ಸುದ್ದಿ ನನಗೆ ವಕೀಲರ ಲಕೋಟೆಯಲ್ಲಿ ಬರಬೇಕಾ?

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಫೆಬ್ರವರಿ ತಾರೀಕು ಹಾಕಿ, ಈ ಪ್ರದರ್ಶನಕ್ಕೆ ನನ್ನ ಒಪ್ಪಿಗೆ ಇದೆ ಎಂದು ಸಹಿ ಮಾಡಿದ್ದೇನೆ. ಅದನ್ನು ಸಮಿತಿಗೆ ತೋರಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಇನ್ನೊಂದು ವಿಷಯ, ಬೇರೆಯವರ ಬಾಯಿಂದ ನೀನು ಕೇಳುವುದು ಬೇಡ. ಆ ಬೆಲೆ ಕಂಪನಿಯದಲ್ಲ, ನನ್ನದು. ಅವರು ಹೇಳಿದ್ದು ಅದರ ಅರ್ಧ. ಕರಾರಿಗೆ ಸಹಿ ಹಾಕುವಾಗ ಏರಿಸಿದವಳು ನಾನು. ನನ್ನ ಮೊದಲ ಚಿತ್ರವನ್ನು ದೊಡ್ಡ ದೊಡ್ಡ ಸಂಸ್ಥೆಗಳು ನಕಲು ಮಾಡಿ ಹಂಚಿಕೊಂಡವು, ನನಗೆ ಬಂದದ್ದು ಧನ್ಯವಾದದ ಪತ್ರಗಳು. ಮನೆ ಓನರ್ ಬಾಡಿಗೆ ಕೇಳಲು ಬಂದಾಗ ಅವನ್ನು ಕೊಡಲಾಗುವುದಿಲ್ಲ. ಇದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ನಾಳೆ ಕೇಳಿದರೂ ಆ ಸಂಸ್ಥೆಗಳಿಗೆ ಅದೇ ಬೆಲೆ ಹೇಳುತ್ತೇನೆ.

ಗುಬ್ಬಿ

*

ಮೇ 23

ಗುಬ್ಬಿ,

ನೀನು ಕಳಿಸಿದ ಒಪ್ಪಿಗೆ ಪತ್ರವನ್ನು ಹರಿದು ಹಾಕಿದೆ. ಒಪ್ಪಿಗೆ ಇರಲಿಲ್ಲ. ಇಲ್ಲ ಎಂದು ಗೊತ್ತಿದ್ದೇ ತೋರಿಸಿದೆ. ಇಷ್ಟು ವಯಸ್ಸಾದ ಮೇಲೆ ಒಂದು ಕೆಲಸವನ್ನು ನೆಟ್ಟಗೆ ನಿಂತು ಮಾಡಿದ್ದೇನೆ, ಅದನ್ನು ಸುಳ್ಳು ತಾರೀಕಿನ ಹಿಂದೆ ಬಚ್ಚಿಡಲಾರೆ.

ನಿನಗೆ ಹೇಳಲಿಲ್ಲ ಯಾಕೆಂದರೆ, ಹೇಳಿದ್ದರೆ ನೀನು ಬೇಡ ಎನ್ನಬೇಕಾಗುತ್ತಿತ್ತು, ಇಲ್ಲವೇ ಹೂಂ ಎಂದು ನಿನ್ನ ಕರಾರು ಮುರಿಯಬೇಕಾಗುತ್ತಿತ್ತು. ಎರಡೂ ನಿನಗೆ ಕಷ್ಟ. ಈಗಲಾದರೂ ಪೂರ್ತಿ ಕೇಳು.

ಆ ಭಾನುವಾರ ಬೆಳಿಗ್ಗೆ ಓದುವ ಕೋಣೆಯ ಕಿಟಕಿಗಳಿಗೆಲ್ಲ ಹಳೆಯ ಪೇಪರ್ ಅಂಟಿಸಿದೆ. ಟೈಪಿಂಗ್ ಕಲಿಸುವವರಿಂದ ಪ್ರೊಜೆಕ್ಟರ್ ತಂದೆ. ಬರುವವರು ಹತ್ತು ಜನ ಎಂದುಕೊಂಡಿದ್ದೆ. ಬೆಂಚು ತುಂಬಿ, ನೆಲ ತುಂಬಿ, ಆಮೇಲೆ ಬಂದವರು ರ‍್ಯಾಕುಗಳ ಸಂದಿಯಲ್ಲಿ ಪುಸ್ತಕಗಳ ಹಾಗೆ ಒತ್ತಿಕೊಂಡು ನಿಂತರು. ಪಾಲಿಶಿನವನ ಹೆಂಡತಿ ಮುಂದಿನ ಬೆಂಚಿನಲ್ಲಿ ಕುಳಿತಳು.

ಚಿತ್ರ ಚೆನ್ನಾಗಿದೆ ಗುಬ್ಬಿ. ನಿನಗೆ ಇದುವರೆಗೆ ಹೇಳಿರಲಿಲ್ಲ. ಒಣ ಕಲ್ಲು ಕೊಯ್ಯುವಾಗ ಏಳುವ ಪುಡಿ ಎದೆಯೊಳಗೆ ಹೇಗೆ ಹೋಗಿ ಕೂರುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಾರಲ್ಲ, ಆ ಭಾಗ ಬಂದಾಗ ಕೋಣೆಯಲ್ಲಿ ಒಬ್ಬ ಕೆಮ್ಮಿದ. ಅವನನ್ನು ನೋಡಿ ಇನ್ನೊಬ್ಬ. ಸ್ವಲ್ಪ ಹೊತ್ತಿಗೆ, ಪರದೆಯ ಮೇಲಿನ ಕೆಮ್ಮು ಯಾವುದು, ನಮ್ಮ ಕೋಣೆಯ ಕೆಮ್ಮು ಯಾವುದು ಎಂದು ತಿಳಿಯದಂತಾಯಿತು. ಯಾರೂ ಅಕ್ಕಪಕ್ಕ ನೋಡಲಿಲ್ಲ.

ಆಮೇಲೆ ಅವನು ಬಂದ. ಮಂಚದ ಮೇಲೆ ಕುಳಿತು, "ನೀರು ಬಿಟ್ರೆ ಪುಡಿ ಏಳಲ್ಲ. ಕೆಲಸ ನಿಧಾನ ಆಗುತ್ತೆ ಅಂತ ಬಿಡಲ್ಲ. ನೀವು ಕೇಳ್ರೋ. ನಾನು ಕೇಳ್ಲಿಲ್ಲ" ಎಂದ. ಅವನ ಹೆಂಡತಿ ಅಳುತ್ತಾಳೆ ಎಂದು ನಾನು ಎದ್ದು ಹತ್ತಿರ ಹೋದೆ. ಅವಳು ನನ್ನ ಕೈ ಹಿಡಿದು, "ನೋಡಿ ಮೇಡಂ, ಶರ್ಟಿನ ಗುಂಡಿ ಕಿತ್ತೋಗಿದೆ. ಬೇರೆ ಶರ್ಟ್ ಹಾಕ್ಕೊಳ್ಳಿ ಅಂದ್ರೆ ಕೇಳ್ಲಿಲ್ಲ" ಎಂದಳು. ಹಿಂದೆ ಯಾರೋ ನಕ್ಕರು. ಅವಳೂ ನಕ್ಕಳು. ಆಮೇಲೆ ಅತ್ತಳು.

ಮಾರನೆಯ ದಿನ ದೊಡ್ಡ ಶೆಡ್ಡಿನಲ್ಲಿ ಎಂಟು ಜನ ಯಂತ್ರ ಚಾಲೂ ಮಾಡದೆ ನೀರಿನ ಪೈಪು ಕೇಳಿದರಂತೆ. ಅಧ್ಯಕ್ಷರು ಸೀದಾ ಗ್ರಂಥಾಲಯಕ್ಕೆ ಬಂದರು. ಇಷ್ಟು ವರ್ಷದಲ್ಲಿ ಅವರು ಓದುವ ಕೋಣೆಗೆ ಬಂದದ್ದು ಅದೇ ಮೊದಲು.

"ನೀವು ಕಾನೂನು ಮುರಿದಿದ್ದೀರಿ ಮೇಡಂ."

"ಹೌದು ಸರ್."

"ಆ ಚಿತ್ರ ಮಾಡಿದವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ ಇದು?"

"ಚಿತ್ರ ಮಾಡಿದವಳು ನನ್ನ ತಂಗಿ. ಅವಳ ಹೊಟ್ಟೆ ವಿಚಾರ ನಾವಿಬ್ಬರು ಮಾತಾಡ್ಕೋತೀವಿ. ನೀವು ಪೈಪ್ ಯಾವಾಗ ಹಾಕಿಸ್ತೀರಿ?"

ಅವರು ಬಂದ ಹಾಗೆಯೇ ಹೊರಟುಹೋದರು. ನಿನ್ನ ಕಂಪನಿಗೆ ದೂರು ಕೊಟ್ಟರು. ನೋಟಿಸ್ ಬಂತು, ಅದನ್ನು ಹಿಡಿದು ನನ್ನನ್ನು ಮನೆಗೆ ಕಳಿಸಿದರು. ಬೀಗದ ಕೈ ಈಗ ಅವರ ಗುಮಾಸ್ತನ ಹತ್ತಿರ ಇದೆ.

ಮೊನ್ನೆ ಕಂಪನಿಯಿಂದ ಒಬ್ಬ ಹುಡುಗಿ ತುಂಬ ಮರ್ಯಾದೆಯಿಂದ ಫೋನ್ ಮಾಡಿದ್ದಳು. ನಾನು ಕ್ಷಮೆ ಕೇಳಿದರೆ ದಂಡ ಬಿಟ್ಟು, ನಮ್ಮ ಗ್ರಂಥಾಲಯಕ್ಕೆ ಒಂದು ಡಿಸ್ಕನ್ನು ಉಡುಗೊರೆಯಾಗಿ ಕೊಡುತ್ತಾರಂತೆ. ಬೇಡಮ್ಮ ಎಂದೆ. ಕಲ್ಲು ಕೊಯ್ಯುವ ಊರು ನಮ್ಮದೊಂದೇ ಅಲ್ಲ. ಎಲ್ಲ ಊರಿಗೂ ಒಂದು ಗ್ರಂಥಾಲಯ ಇದೆ, ಅಲ್ಲಿ ನನ್ನಂಥವಳು ಒಬ್ಬಳು ಇದ್ದಾಳೆ. ಅವಳು ಕದ್ದು ತೋರಿಸಬೇಕು, ನನಗೆ ಮಾತ್ರ ಬಾಯಿ ಮುಚ್ಚಲು ಉಡುಗೊರೆಯೇ? ನಾವು ಕೊಂಡುಕೊಳ್ಳುವವರು. ಕೊಂಡುಕೊಳ್ಳಲು ಆಗುವಂಥ ಬೆಲೆ ಹೇಳಿ ಎಂದೆ. ಅದು ನನ್ನ ಕೈಯಲ್ಲಿಲ್ಲ ಮೇಡಂ ಎಂದಳು. ಯಾರ ಕೈಯಲ್ಲಿದೆ ಎಂದು ಆಮೇಲೆ ನಿನ್ನ ಕಾಗದ ತಿಳಿಸಿತು.

ಆ ಸಂಸ್ಥೆಗಳಿಗೆ ನೀನು ಹೇಳುವ ಬೆಲೆ ಸರಿಯಾಗಿದೆ. ಇನ್ನೂ ಸ್ವಲ್ಪ ಏರಿಸಿದರೂ ನನ್ನ ಅಡ್ಡಿಯಿಲ್ಲ. ನಾನು ಅವರಲ್ಲ, ಅಷ್ಟೇ.

ಅಕ್ಕ

*

ಜೂನ್ 16

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಉಡುಗೊರೆ ಕೊಟ್ಟರೆ ತೆಗೆದುಕೊಳ್ಳುವುದಕ್ಕೇನು ಇವಳಿಗೆ, ಹಟಮಾರಿ ಎಂದು ಪಾತ್ರೆ ಕುಕ್ಕಿದೆ. ವಾರ ಕಳೆದ ಮೇಲೆ ಇನ್ನೊಮ್ಮೆ ಓದಿದೆ. ಆಮೇಲೆ ಕಂಪನಿಗೆ ಹೋದೆ.

ಮ್ಯಾನೇಜರ್ ಒಳ್ಳೆಯವರೇ. ಚಹಾ ತರಿಸಿದರು. ಗ್ರಂಥಾಲಯಗಳಿಗೆ ಮಾರುವ ಹಕ್ಕನ್ನು ನನಗೆ ವಾಪಸ್ ಕೊಡಿ ಎಂದೆ.

"ಅಕ್ಕ ಅಂತ ಕೇಳ್ತಿದ್ದೀರಾ?"

"ಅಕ್ಕ ಅಂತ ಆಗಿದ್ರೆ ದಂಡ ಎರಡರಷ್ಟು ಮಾಡಿ ಅಂತಿದ್ದೆ. ನನಗೆ ಸುಳ್ಳು ಕ್ಷೇಮ ಸಮಾಚಾರ ಬರೆದಿದ್ದಾಳೆ."

"ಆ ಹಕ್ಕು ನಂಬಿಯೇ ನಿಮ್ಮ ಹಡಗಿನ ಚಿತ್ರಕ್ಕೆ ಮುಂಗಡ ಕೊಟ್ಟಿದ್ದು. ಅದನ್ನ ಏನ್ ಮಾಡೋಣ?"

"ವಾಪಸ್ ತಗೊಳ್ಳಿ."

ಯೋಚನೆ ಮಾಡಿ ಬನ್ನಿ ಎಂದರು. ಮಾಡಿಯೇ ಬಂದಿದ್ದೇನೆ ಎಂದೆ. ಮುಂಗಡ ವಾಪಸ್ ಕೊಟ್ಟೆ, ಹಕ್ಕು ವಾಪಸ್ ಬಂತು. ಹಡಗಿನ ಚಿತ್ರ ಈ ವರ್ಷ ಇಲ್ಲ. ಸೌಂಡಿನವನಿಗೆ ಹೇಳಿದೆ, ಅವನು ಬೈದು, ಆಮೇಲೆ ಮದುವೆ ವೀಡಿಯೋ ಕೆಲಸಕ್ಕೆ ನನ್ನನ್ನೂ ಸೇರಿಸಿಕೊಂಡಿದ್ದಾನೆ. ಬೇಸರವಿಲ್ಲ ಎಂದರೆ ಸುಳ್ಳು. ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಆದರೆ ಆ ಮಂಚದ ಮೇಲೆ ಕುಳಿತವನು ಕ್ಯಾಮೆರಾ ನೋಡಿ, "ನೀವು ಕೇಳ್ರೋ" ಎಂದಾಗ ಎದುರು ಇದ್ದವಳು ನಾನು. ಅವನು ಯಾರಿಗೆ ಹೇಳಿದನೋ ಅವರಿಗೇ ಕೇಳಿಸದಂಥ ಬೆಲೆ ಇಟ್ಟು ಕುಳಿತರೆ ನಾನು ಇನ್ನೊಂದು ಚಿತ್ರ ಮಾಡಿ ಏನು ಉಪಯೋಗ?

ಈಗಿನ ದರ ಕೇಳು. ದೊಡ್ಡ ಸಂಸ್ಥೆಗಳಿಗೆ ಹಳೆಯ ಬೆಲೆಯೇ, ಒಂದು ಕಾಸೂ ಕಡಿಮೆ ಇಲ್ಲ. ಊರಿನ ಗ್ರಂಥಾಲಯಗಳಿಗೆ ಒಂದು ಒಳ್ಳೆಯ ನಿಘಂಟಿನ ಬೆಲೆ. ಎಷ್ಟು ಸಲ ಬೇಕಾದರೂ, ಎಷ್ಟು ಜನರಿಗೆ ಬೇಕಾದರೂ ತೋರಿಸಬಹುದು. ಬಿಟ್ಟಿ ಮಾತ್ರ ಯಾರಿಗೂ ಇಲ್ಲ.

ಹಕ್ಕಿನ ಜೊತೆಗೆ ಹಳೆಯ ನೋಟಿಸೂ ನನ್ನ ಕೈಗೆ ಬಂದಿದೆ. ಅಂದರೆ ಈಗ ನಿನ್ನ ಮೇಲೆ ಕೇಸು ಹಾಕುವ ಅಧಿಕಾರ ನನ್ನದು. ಹಾಕುವುದಿಲ್ಲ. ಆದರೆ ಆ ಭಾನುವಾರದ ಪ್ರದರ್ಶನಕ್ಕೆ ಒಂದು ಶುಲ್ಕ ಹಾಕಿದ್ದೇನೆ, ಬಿಲ್ ಜೊತೆಗಿದೆ. ನಿನ್ನ ಸ್ವಂತ ಜೇಬಿನಿಂದ ಕಟ್ಟು.

ಗುಬ್ಬಿ

*

ಜುಲೈ 8

ಗುಬ್ಬಿ,

ನಿನ್ನ ಬಿಲ್ ಕಟ್ಟಿದ್ದೇನೆ. ಅಷ್ಟು ಖುಷಿಯಿಂದ ನಾನು ಯಾವ ಬಿಲ್ಲನ್ನೂ ಕಟ್ಟಿಲ್ಲ.

ಸಮಿತಿಯ ವಿಚಾರಣೆ ಮುಗಿಯಿತು. ನೋಟಿಸ್ ವಾಪಸಾಗಿದೆ ಎಂದು ನೀನು ಸಮಿತಿಗೆ ಬರೆದ ಕಾಗದ ಓದಿದ ಮೇಲೆ ಉಳಿದ ಸದಸ್ಯರು ಅಧ್ಯಕ್ಷರ ಮುಖ ನೋಡುವುದನ್ನು ಬಿಟ್ಟು ಗಡಿಯಾರ ನೋಡತೊಡಗಿದರು. ಹೊರಗೆ ಅಂಗಳದಲ್ಲಿ ಶೆಡ್ಡಿನ ಹೆಂಗಸರು ನಿಂತಿದ್ದರು. ಘೋಷಣೆ ಇಲ್ಲ, ಏನಿಲ್ಲ, ಸುಮ್ಮನೆ ಕಿಟಕಿಯಿಂದ ಒಳಗೆ ನೋಡುತ್ತಿದ್ದರು. ತಪ್ಪಾಯಿತು ಎಂದು ಒಂದು ಸಾಲು ಬರೆದುಕೊಡಿ ಎಂದರು ಸದಸ್ಯರು. ಬರೆದುಕೊಡಲಿಲ್ಲ. ಈ ವರ್ಷದ ಸಂಬಳ ಏರಿಕೆ ತಡೆದು ಕೆಲಸಕ್ಕೆ ವಾಪಸ್ ತೆಗೆದುಕೊಂಡಿದ್ದಾರೆ. ನಿನ್ನ ಹಡಗಿನ ಮುಂದೆ ಇದು ಏನೂ ಅಲ್ಲ. ಹಡಗಿನ ಸುದ್ದಿ ಓದಿ ನನಗೆ ಊಟ ಸೇರಲಿಲ್ಲ ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಡುವುದು ಬೇಡ.

ಚಿತ್ರ ಕೊಳ್ಳಲು ಸಮಿತಿಯ ಮಂಜೂರಾತಿ ಬೇಕು ಎಂದು ಅಧ್ಯಕ್ಷರು ಪಟ್ಟು ಹಿಡಿದರು. ದೊಡ್ಡ ಖರೀದಿಗೆ ಬೇಕು. ನಿಘಂಟು ಕೊಳ್ಳಲು ಗ್ರಂಥಪಾಲಕಿಯ ಸಹಿ ಸಾಕು. ಅವತ್ತೇ ಸಹಿ ಹಾಕಿದೆ.

ಹೋದ ಭಾನುವಾರ ತೋರಿಸಿದೆ. ಈ ಸಲ ಪೇಟೆಯಲ್ಲೆಲ್ಲ ಪೋಸ್ಟರ್ ಹಚ್ಚಿದ್ದೆ, ಅಧ್ಯಕ್ಷರ ಶೆಡ್ಡಿನ ಗೇಟಿಗೂ. ಬೇರೆ ಎರಡು ಶೆಡ್ಡಿನ ಮಾಲೀಕರು ಆಗಲೇ ನೀರಿನ ಪೈಪು ಎಳೆಸಿದ್ದಾರೆ. ಅಧ್ಯಕ್ಷರ ಶೆಡ್ಡಿನ ಕೆಲಸಗಾರರು ಎಂಟು ದಿನದಿಂದ ಕೆಲಸಕ್ಕೆ ಹೋಗದೆ ಕೂತಿದ್ದಾರೆ, ಇತ್ಯರ್ಥ ಇನ್ನೂ ಆಗಿಲ್ಲ. ಬಾಡಿಗೆ ಕೋಣೆ ಖಾಲಿ ಮಾಡಿಸುತ್ತೇನೆಂದು ಅಧ್ಯಕ್ಷರು ಹೆದರಿಸಿದರಂತೆ. ಪಾಲಿಶಿನವನ ಹೆಂಡತಿ ಗಂಟುಮೂಟೆ ಕಟ್ಟಿ, "ಖಾಲಿ ಮಾಡ್ತೀವಿ, ಎಲ್ರೂ ಒಂದೇ ದಿನ ಮಾಡ್ತೀವಿ, ಆಮೇಲೆ ನಿಮ್ಮ ಕೋಣೆಗೆ ಯಾರು ಬರ್ತಾರೆ ನೋಡ್ಕೊಳ್ಳಿ" ಎಂದು ಅವರ ಬಾಗಿಲಲ್ಲೇ ಹೇಳಿ ಬಂದಳಂತೆ. ಇನ್ನೂ ಯಾರನ್ನೂ ಎಬ್ಬಿಸಿಲ್ಲ.

ಚಿತ್ರ ಶುರುವಾಗುವ ಹೊತ್ತಿಗೆ ಅಧ್ಯಕ್ಷರು ಬಂದು ಬಾಗಿಲಲ್ಲಿ ನಿಂತರು.

"ಇದಕ್ಕೆ ಅನುಮತಿ ಇದ್ಯಾ?"

"ಇದೆ ಸರ್. ಕೂತ್ಕೊಳ್ಳಿ" ಎಂದೆ.

ಮುಂದಿನ ಬೆಂಚಿನಲ್ಲಿ ಪಾಲಿಶಿನವನ ಹೆಂಡತಿ ಸರಿದು ಜಾಗ ಮಾಡಿದಳು. ಅವರು ಕೂರಲಿಲ್ಲ. ಆದರೆ ಹೋಗಲೂ ಇಲ್ಲ. ಬಾಗಿಲಿಗೆ ಒರಗಿ ಕೊನೆಯವರೆಗೂ ನೋಡಿದರು.

ಅಂದಹಾಗೆ, ಕಲ್ಲು ಕೊಯ್ಯುವ ಬೇರೆ ಊರುಗಳ ಗ್ರಂಥಪಾಲಕರಿಗೆಲ್ಲ ಬರೆದಿದ್ದೆ. ಉತ್ತರಗಳು ಬರುತ್ತಿವೆ. ಎಲ್ಲರಿಗೂ ನಿನ್ನ ವಿಳಾಸ ಕೊಟ್ಟಿದ್ದೇನೆ. ನನ್ನ ಜಾತಿಯವರು ನನಗೆ ಗೊತ್ತು, ಶಿಕ್ಷಣ, ಸಮಾಜ, ಬಡತನ ಎಲ್ಲ ಹೇಳಿ ಬಿಟ್ಟಿ ಕೊಡಿ ಎನ್ನುತ್ತಾರೆ. ಕೊಡಬೇಡ. ನಿಘಂಟಿನ ಬೆಲೆ ಎಂದರೆ ನಿಘಂಟಿನ ಬೆಲೆ. ಹಡಗು ಕಾಯುತ್ತಿದೆ.

ಅಕ್ಕ